ಕೆಳಗೆ ತಲೆಗಳಿಲ್ಲದ ಫ್ಲೆಕ್ಸ್

ಹೆಗ್ಗಡದೇವನಕೋಟೆಯ ಹ್ಯಾಂಡ್‌ಪೋಸ್ಟ್ ಸರ್ಕಲ್‌ನಲ್ಲಿ ಒಬ್ಬ ಮನುಷ್ಯ ಬದುಕಿದ್ದಾನೋ ಸತ್ತಿದ್ದಾನೋ ತಿಳಿಯಲು ಅವನ ನಾಡಿ ಹಿಡಿಯಬೇಕಾಗಿಲ್ಲ. ಅವನ ಫ್ಲೆಕ್ಸ್ ನೋಡಿದರೆ ಸಾಕು. ಬದುಕಿರುವವನ ಫ್ಲೆಕ್ಸ್‌ನಲ್ಲಿ ನಡುವೆ ಅವನು, ನೆತ್ತಿಯ ಮೇಲೆ ಗುಂಡಗಿನ ಚೌಕಟ್ಟುಗಳಲ್ಲಿ ನಾಯಕರು, ಕಾಲಬುಡದಲ್ಲಿ ಸಾಲಾಗಿ ‘ಶುಭ ಕೋರುವವರು’ ಎಂಬ ತಲೆಗಳು. ತಲೆಗಳು ಹೆಚ್ಚಿದಷ್ಟೂ ಮನುಷ್ಯ ಗಟ್ಟಿಯಾಗಿ ಬದುಕಿದ್ದಾನೆಂದು ಅರ್ಥ. ಸತ್ತವನ ಫ್ಲೆಕ್ಸ್‌ನಲ್ಲಿ ಅವನೊಬ್ಬನೇ. ಹಿಂದೆ ನೀಲಿ ಆಕಾಶ, ಕೊರಳಿಗೆ ಹಾರ, ಮಗ್ಗುಲಲ್ಲಿ ದೀಪ. ಅಕ್ಷರ ಓದುವ ಪದ್ಧತಿ ಅಲ್ಲಿಲ್ಲ. ಬಸ್ಸು ಸರ್ಕಲ್‌ನಲ್ಲಿ ತಿರುಗುವ ಹೊತ್ತಿಗೆ ಕಿಟಕಿಯಿಂದ ಒಂದು ಸಲ ಕಣ್ಣಾಡಿಸಿ, ‘ಇವನ್ಯಾವನ್ಲಾ’ ಎಂದೋ ‘ಅಯ್ಯೋ ಪಾಪ’ ಎಂದೋ ಜನ ತೀರ್ಪು ಕೊಟ್ಟುಬಿಡುತ್ತಾರೆ.

ಈ ನಿಯಮವನ್ನು ಊರಿನ ಕೂಸುಕಂದಮ್ಮಗಳೂ ಬಲ್ಲವು. ಅಂಕಯ್ಯನೂ ಬಲ್ಲ. ಆದರೆ ಅದು ತನಗೂ ಅನ್ವಯಿಸುತ್ತದೆಂದು ಅವನಿಗೆ ಹೊಳೆಯಲಿಲ್ಲ. ನಿಯಮಗಳು ಅನ್ವಯಿಸುವಷ್ಟು ಅವನು ಯಾರ ಕಣ್ಣಿಗೂ ಬಿದ್ದವನಲ್ಲ.

ಕಿವಿಗೆ ಬಿದ್ದಿದ್ದ, ಅದು ನಿಜ. ಕೋಟೆ ಬಸ್ ನಿಲ್ದಾಣದ ಮೂಲೆಯಲ್ಲಿ, ಜಾಲರಿ ಹೊಡೆದ ಕೋಣೆಯೊಳಗೆ ಕೂತು, “ಪ್ರಯಾಣಿಕರ ಗಮನಕ್ಕೆ” ಎಂದು ಮೈಕಿನಲ್ಲಿ ಬಸ್ಸುಗಳನ್ನು ಕೂಗುತ್ತಿದ್ದವನು ಅವನೇ. ಆ ದನಿ ಕೇಳಿ ಅರ್ಧ ಟೀ ಬಿಟ್ಟು ಓಡಿದವರುಂಟು, ಓಡುವಾಗ ಒಂದು ಕಾಲಿನ ಚಪ್ಪಲಿಯನ್ನೇ ಬಿಟ್ಟವರುಂಟು. ದನಿ ಎಲ್ಲರಿಗೂ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಅವನು ನಿವೃತ್ತನಾದ ಮೇಲೆ ಆ ಜಾಗಕ್ಕೆ ಧ್ವನಿಮುದ್ರಿತ ಹೆಂಗಸೊಬ್ಬಳು ಬಂದಳು. ಅಂಕಯ್ಯ ಗಡ್ಡ ಬಿಟ್ಟ, ತಲೆಗೆ ಟವಲು ಸುತ್ತಿದ. ಮದುವೆಯೆಂಬ ಬಸ್ಸನ್ನು ಅವನು ಹತ್ತಿರಲೇ ಇಲ್ಲ. ಅವನಿದ್ದ ವಠಾರದಲ್ಲಿ ಅವನ ಹೆಸರು ‘ಕೊನೆ ಮನೆಯೋರು’. ಒಡಹುಟ್ಟಿದವಳೆಂದರೆ ಪಿರಿಯಾಪಟ್ಟಣದ ಹಾರನಹಳ್ಳಿಗೆ ಕೊಟ್ಟ ತಂಗಿ ಚಿಕ್ಕಸಿದ್ದಮ್ಮ ಒಬ್ಬಳೇ. ಅವಳ ಮಗಳು ಪವಿತ್ರಾಳ ಮದುವೆಯ ಕರೆಯೋಲೆಯಲ್ಲಿ ಸೋದರಮಾವನ ಹೆಸರೇ ಅಚ್ಚಾಗಿಲ್ಲವೆಂದು ಯಾರೋ ಹೇಳಿದ್ದೇ ತಡ, ಅಂಕಯ್ಯ ಬಂದ ಲಕೋಟೆಯನ್ನು ಒಡೆಯದೆ ಅಟ್ಟದ ಮೇಲೆ ಎಸೆದಿದ್ದ. ಮದುವೆಗೂ ಹೋಗಲಿಲ್ಲ. ಅಂದಿನಿಂದ ಮಾತಿಲ್ಲ.

ಉಳಿದದ್ದು ಎಮ್ಮೆಕಟ್ಟೆ. ಹ್ಯಾಂಡ್‌ಪೋಸ್ಟ್ ಅಂಗಡಿಗಳ ಬೆನ್ನಿಗೆ ಅಂಗೈಯಗಲದ ಒಂದು ಹೊಂಡ. ಎಮ್ಮೆಗಳು ಮುಳುಗಿ ಮಲಗುತ್ತಿದ್ದ ಕಾಲದಲ್ಲಿ ಬಿದ್ದ ಹೆಸರು. ಈಗ ಎಮ್ಮೆ ಇಲ್ಲ, ಕೋಳಿ ಅಂಗಡಿಯ ಪುಕ್ಕವಿದೆ, ಹಾಲಿನ ಕವರುಗಳಿವೆ, ಹೋದ ವರ್ಷ ಮುಳುಗಿಸಿದ ಗಣಪತಿಗಳು ಪೂರ್ತಿ ಮುಳುಗಲಾರದೆ ಸೊಂಡಿಲು ಮೇಲಿಟ್ಟು ಉಸಿರಾಡುತ್ತಿವೆ. ಅಂಕಯ್ಯ ದಿನಾ ಬೆಳಗ್ಗೆ ಬಿದಿರಿನ ಗಳ ಹಿಡಿದು ಹೋಗಿ ಒಂದಿಷ್ಟು ಪ್ಲಾಸ್ಟಿಕ್ ಎಳೆದು ದಡಕ್ಕೆ ಹಾಕುತ್ತಿದ್ದ. ಸುತ್ತ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಗಂಟಲು ಸರಿಮಾಡಿಕೊಂಡು, “ಪ್ರಯಾಣಿಕರ ಗಮನಕ್ಕೆ. ಕಬಿನಿ ಕಡೆಯಿಂದ ಬರುವ ಬೆಳ್ಳಕ್ಕಿಯು ಇನ್ನು ಕೆಲವೇ ಕ್ಷಣಗಳಲ್ಲಿ ಎರಡನೇ ಅಂಕಣಕ್ಕೆ ಬರಲಿದೆ” ಎನ್ನುತ್ತಿದ್ದ. ಬೆಳ್ಳಕ್ಕಿ ಬಂದು ಇಳಿಯುತ್ತಿತ್ತು. ಒಮ್ಮೊಮ್ಮೆ ಮೂರನೇ ಅಂಕಣಕ್ಕೆ.

ಆ ಬೇಸಿಗೆಯಲ್ಲಿ ಊರಿಗೆ ‘ಪಟ್ಟಣ ಕಿರುಜಾಗಗಳ ಪುನಶ್ಚೇತನ ಆದ್ಯತಾ ಸಮಿತಿ’ ಬಂತು. ಹಾಳುಬಿದ್ದ ಸಣ್ಣಪುಟ್ಟ ಜಾಗಗಳನ್ನು ಸರಿಮಾಡುವುದು ಅದರ ಕೆಲಸ. ಮಳೆಗಾಲಕ್ಕೆ ಮುಂಚೆ ಸಿಕ್ಕಿದ್ದು ಒಂದೇ ಜೆಸಿಬಿ. ಆದ್ದರಿಂದ ಯಾವುದು ಮೊದಲು ಎನ್ನುವುದೇ ಊರಿನ ದೊಡ್ಡ ಪ್ರಶ್ನೆಯಾಯಿತು. ಗೋವಿಂದಯ್ಯನವರ ಅರಳಿಕಟ್ಟೆ ಮೊದಲೋ, ಸಂತೆಮಾಳದ ಬಾವಿಯೋ, ಕಾಲೇಜಿನ ಹಿಂದಿನ ಹಳ್ಳವೋ? ಎಮ್ಮೆಕಟ್ಟೆಯ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಅಂಕಯ್ಯ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸಮಿತಿಯ ಅಧ್ಯಕ್ಷ ನಟರಾಜು ಅವರ ಮುಂದೆ ನಿಂತ. ಮಳೆಗಾಲ ಶುರುವಾಗುವುದರೊಳಗೆ ಹೂಳೆತ್ತದಿದ್ದರೆ ಕಟ್ಟೆ ಇನ್ನೊಂದು ವರ್ಷ ತಡೆಯದು, ಅಂಗಡಿಯವರು ಮಣ್ಣು ಸುರಿದು ವಾಹನ ನಿಲ್ಲಿಸಲು ಜಾಗ ಮಾಡಿಕೊಳ್ಳುತ್ತಾರೆ ಎಂದು ವಿವರಿಸಿದ. ನಟರಾಜು ಫೋನಿನಿಂದ ತಲೆ ಎತ್ತಲಿಲ್ಲ.

“ಸರಿ, ನಿಮ್ಮ ಹಿಂದೆ ಯಾರವ್ರೆ?”

ಅಂಕಯ್ಯ ಹಿಂತಿರುಗಿ ನೋಡಿದ. ಬಾಗಿಲಿತ್ತು.

“ಅಂಗಲ್ಲ ಕಣ್ರೀ. ಜನ, ಜನ! ಗೋವಿಂದಯ್ಯನ ಹಿಂದೆ ಇಡೀ ಬೀದಿ ಅದೆ. ನೀವೂ ಸರ್ಕಲ್‌ನಾಗೆ ಒಂದು ಫ್ಲೆಕ್ಸ್ ಹಾಕ್ಸಿ. ಜನ ನೋಡ್ಲಿ. ಜನದ ಕಡೆಯಿಂದ ಒತ್ತಡ ಬಂತು ಅಂತ ನಾವೂ ಬರ್ಕೋತೀವಿ.”

ಹೀಗೆ ಫ್ಲೆಕ್ಸಿನ ಯೋಚನೆ ಸರ್ಕಾರಿ ಸಲಹೆಯಾಗಿ ಬಂತೇ ಹೊರತು ಅಂಕಯ್ಯನ ಜಂಬದಿಂದಲ್ಲ. ಜಂಬ ಬಂದದ್ದು ಫ್ಲೆಕ್ಸ್ ಅಂಗಡಿಯಲ್ಲಿ.

ಏಕೆಂದರೆ ತನ್ನ ಫ್ಲೆಕ್ಸನ್ನು ತಾನೇ ಮಾಡಿಸುವವನಷ್ಟು ಮರ್ಯಾದೆಗೆಟ್ಟವನು ಆ ಸೀಮೆಯಲ್ಲಿ ಇಲ್ಲ. ಅದನ್ನು ಅಭಿಮಾನಿಗಳು ಮಾಡಿಸಬೇಕು. ಇವನು ಮರುದಿನ ನೋಡಿ, “ಇದೆಲ್ಲ ಯಾಕೆ ಬೇಕಿತ್ತು” ಅನ್ನಬೇಕು. ಅಂಗಡಿಯ ಹುಡುಗ ಸ್ವಾಮಿ ಗುಟ್ಕಾ ಉಗಿದು ಬಂದು, ಅಂಕಯ್ಯ ಮೇಜಿನ ಮೇಲಿಟ್ಟ ಫೋಟೋ ನೋಡಿದ. ನೌಕರಿಗೆ ಸೇರಿದ ಹೊಸತರಲ್ಲಿ ಹುಣಸೂರಿನಲ್ಲಿ ತೆಗೆಸಿದ ಕಪ್ಪುಬಿಳುಪು ಚಿತ್ರ. ದಟ್ಟ ಕೂದಲು, ನುಣ್ಣನೆ ಗಲ್ಲ.

“ಇವ್ರು ಯಾರು ಸಾರ್?”

ಅಂಕಯ್ಯನಿಗೆ ‘ನಾನು’ ಎನ್ನಲು ನಾಲಿಗೆ ಏಳಲಿಲ್ಲ.

“ಅಂಕಯ್ಯ ಅಂತ. ಬಹಳ... ಬಹಳ ಒಳ್ಳೆಯ ಮನುಷ್ಯ,” ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ತನ್ನ ಬಗ್ಗೆ ಒಳ್ಳೆಯ ಮಾತು ಕೇಳಿ ಅವನಿಗೆ ಎಷ್ಟು ಕಾಲವಾಗಿತ್ತೆಂದರೆ, ಅದು ತನ್ನ ಬಾಯಿಂದಲೇ ಬರುತ್ತಿದೆ ಎಂಬುದೂ ಮರೆತುಹೋಯಿತು. “ಎಮ್ಮೆಕಟ್ಟೆಗೋಸ್ಕರ ಜೀವ ತೇದವರು. ಒಬ್ಬರೇ. ಯಾರೂ ಜೊತೆಗೆ ನಿಲ್ಲಲಿಲ್ಲ. ಆದರೂ ಒಂದು ದಿನ ಗೊಣಗಲಿಲ್ಲ ನೋಡಿ.” ಹೇಳುತ್ತ ಹೇಳುತ್ತ ಅವನ ಕಣ್ಣಂಚು ಒದ್ದೆಯಾಯಿತು.

ಸ್ವಾಮಿ ಮರುಗಿದ. “ಕೆಳಗಡೆ ಯಾರ್‍ಯಾರ ತಲೆ ಆಕಾನ?”

ಅಂಕಯ್ಯ ಯೋಚಿಸಿದ. ಹಾಲಿನ ಪ್ಯಾಕೆಟ್ ಬಾಗಿಲಲ್ಲಿಟ್ಟು ಹೋಗುವವನ ಮುಖ ಅವನು ನೋಡಿರಲಿಲ್ಲ. ಜೊತೆಯ ಕೆಲಸಗಾರರಲ್ಲಿ ಒಬ್ಬರು ಕೆ.ಆರ್. ನಗರದಲ್ಲಿ ಮಗಳ ಮನೆ ಸೇರಿದ್ದರು, ಉಳಿದವರು ಎಲ್ಲಿದ್ದಾರೋ ಗೊತ್ತಿಲ್ಲ. ತಂಗಿ ನೆನಪಾದಳು. ಅಟ್ಟದ ಮೇಲಿನ ಲಕೋಟೆಯೂ ನೆನಪಾಯಿತು.

“ಯಾರೂ ಬೇಡ,” ಎಂದ.

“ಒಬ್ರೂ?”

“ಒಬ್ಬರೂ.”

ಸ್ವಾಮಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಅವನು ಒಳ್ಳೆಯ ಹುಡುಗ. ಬೋಳುಬೋಳಾಗಿ ಕಾಣುತ್ತಿದ್ದ ಫೋಟೋಗೆ ತಾನಾಗಿಯೇ ಸುಗಂಧರಾಜದ ಹಾರ ಹಾಕಿದ, ತಲೆಗಳಿರಬೇಕಾದ ಕಡೆ ದೀಪ ಹಚ್ಚಿದ, ಹಿಂದೆ ಮೋಡ ತೇಲಿಬಿಟ್ಟ. ‘ಎಮ್ಮೆಕಟ್ಟೆಯನ್ನು ಉಳಿಸಿ’ ಎಂದು ಅಂಕಯ್ಯ ಬರೆಸಿದ್ದ ಸಾಲು ಹಾಗೆಯೇ ಇತ್ತು. ಅದನ್ನು ಯಾರೂ ಓದಲಿಲ್ಲ.

ಬೆಳಗ್ಗೆ ವಠಾರದ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ ಕೊಡ ತುಂಬಿಸುತ್ತ, “ಕೊನೆ ಮನೆಯೋರೇ, ಕೇಳುದ್ರಾ? ಯಾರೋ ಅಂಕಯ್ಯ ಅಂತೆ, ಓಗ್ಬುಟ್ರಂತೆ,” ಎಂದಳು. ಅಂಕಯ್ಯ ಪೇಸ್ಟು ನುಂಗಿದ.

ಸರ್ಕಲ್‌ಗೆ ಓಡಿದ. ಫ್ಲೆಕ್ಸಿನ ಕೆಳಗೆ ಜನ ನಿಂತಿದ್ದರು. ಮೇಲೆ ಅವನೇ, ಆಕಾಶದಲ್ಲಿ, ಒಬ್ಬನೇ. ತಪ್ಪಾಗಿದೆ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಟೀ ಅಂಗಡಿಯ ಸುನಂದಮ್ಮ ಸೆರಗಿನಲ್ಲಿ ಮೂಗೊರೆಸುತ್ತ ಬಂದಳು.

“ಬಸ್ ಸ್ಟ್ಯಾಂಡಲ್ಲಿ ಮೈಕ್‌ನಾಗೆ ಕೂಗ್ತಿರ್ಲಿಲ್ವಾ, ಅವ್ರೇ ಅಂತೆ ಕಣ್ರಪ್ಪ, ಹಳೇ ಕಂಡಕ್ಟ್ರು ಹೇಳುದ್ರು! ಒಂದ್ಸಲ ನಮ್ಮವ್ವನ್ನ ಆಸ್ಪತ್ರೆಗೆ ಕರ್ಕೊಂಡೋಗ್ತಿದ್ದೆ, ಓಡಕ್ಕಾಗ್ದು, ಬಸ್ಸು ಹೊಂಟೋಯ್ತು. ‘ಮೈಸೂರು ಬಸ್ಸಿನ ಚಾಲಕರು ದಯವಿಟ್ಟು ನಿಲ್ಲಿಸಿ, ಒಬ್ಬ ತಾಯಿ ಬರುತ್ತಿದ್ದಾರೆ’ ಅಂತ ಕೂಗುದ್ರು ಕಣ್ರೀ ಪುಣ್ಯಾತ್ಮ. ಬಸ್ಸು ನಿಂತೋಯ್ತು. ಮಕ ಒಂದು ಸಲನೂ ನೋಡ್ಲಿಲ್ಲ ನೋಡು ನಾನು.”

ಅಂಕಯ್ಯ ತೆರೆದ ಬಾಯಿ ಮುಚ್ಚಿಕೊಂಡ. ಆ ತಾಯಿ ಅವನಿಗೆ ನೆನಪಿದ್ದಳು, ಹಸಿರು ಸೀರೆ. ಇನ್ನೊಬ್ಬ, “ಆ ದನಿ ಇಲ್ದಿದ್ರೆ ನಮ್ಮ ಮದ್ವೆ ದಿಬ್ಬಣ ಸರಗೂರಿಗೆ ಓಗ್ಬುಡೋದು,” ಎಂದ. ಮತ್ತೊಬ್ಬ ಮತ್ತೇನೋ ಹೇಳಿದ. ಇನ್ನೂ ಸ್ವಲ್ಪ ಕೇಳಿ ಆಮೇಲೆ ಹೇಳೋಣವೆಂದು ಅಂಕಯ್ಯ ನಿಂತ. ನಿಂತದ್ದೇ ಕೆಟ್ಟದ್ದಾಯಿತು.

“ನೀವು ಅವ್ರ ಕಡೆಯೋರಾ ಯಜಮಾನ್ರೇ? ಅಳ್ತಾ ಇದೀರಿ?”

“ಹತ್ತಿರದವನು,” ಎಂದ ಅಂಕಯ್ಯ. ಸುಳ್ಳೇನಲ್ಲ.

ಸುನಂದಮ್ಮ ಅವನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ ಟೀ ಕೊಟ್ಟಳು. ಯಾರೋ ಬೆನ್ನು ಸವರಿದರು. ದೇಹ ಎಲ್ಲಿದೆ ಎಂದು ಒಬ್ಬರು ಕೇಳಿದರು. ಅಂಕಯ್ಯ ಉತ್ತರಕ್ಕೆ ತಡಕಾಡುವಷ್ಟರಲ್ಲಿ ಇನ್ನೊಬ್ಬರು, “ದೇಹದಾನ ಮಾಡವ್ರಂತೆ, ಮೈಸೂರ್‍ಗೆ,” ಎಂದರು. ಮಧ್ಯಾಹ್ನದೊಳಗೆ ಕಣ್ಣುಗಳು ಎರಡು ಕೂಸುಗಳಿಗೆ ದಾನವಾಗಿ ಹೋಗಿದ್ದವು. ಸಂಜೆಯೊಳಗೆ ಫ್ಲೆಕ್ಸಿನ ಚಿತ್ರ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲಿತ್ತು, ಕೊಳಲಿನ ದನಿಯೊಂದಿಗೆ.

ಆದ್ಯತಾ ಸಮಿತಿ ತುರ್ತಾಗಿ ಸೇರಿತು. ಎಮ್ಮೆಕಟ್ಟೆ ಮೃತರ ಕೊನೆಯ ಆಸೆಯಾದ್ದರಿಂದ ಅದಕ್ಕೇ ಮೊದಲ ಆದ್ಯತೆ, ನಾಳೆ ಬೆಳಗ್ಗೆಯೇ ಜೆಸಿಬಿ ಇಳಿಯುತ್ತದೆ, ಅಲ್ಲೇ ಶ್ರದ್ಧಾಂಜಲಿ ಸಭೆ ಎಂದು ನಟರಾಜು ಘೋಷಿಸಿದರು. ಗೋವಿಂದಯ್ಯನವರು ಎದ್ದು ನಿಂತರು.

“ಒಂದ್ಮಾತು ಕೇಳ್ತೀನಿ. ಬದ್ಕಿರೋರ್ಗೆ ಬೆಲೆನೇ ಇಲ್ವಾ? ಅರಳಿಕಟ್ಟೆ ಆಗ್ಬೇಕು ಅಂದ್ರೆ ನಾನೂ ಓಗ್ಬೇಕಾ?”

“ಓಗೋ ಮುಂಚೆ ಒಂದು ಒಳ್ಳೆ ಫೋಟೋ ತೆಗ್ಸಿ,” ಎಂದರು ಯಾರೋ ಹಿಂದಿನಿಂದ.

ಕಿಟಕಿಯ ಹೊರಗೆ ನಿಂತು ಇದನ್ನೆಲ್ಲ ಕೇಳಿಸಿಕೊಂಡ ಅಂಕಯ್ಯನಿಗೆ ಪರಿಸ್ಥಿತಿ ನಿಚ್ಚಳವಾಯಿತು. ಬದುಕಿದ್ದೇನೆಂದರೆ ಕಟ್ಟೆ ಸಾಯುತ್ತದೆ. ಹೂಳು ಪೂರ್ತಿ ಎತ್ತುವವರೆಗೆ ಸತ್ತಿರಬೇಕು. ಅದೇನು ಅವನಿಗೆ ಅಂಥ ಕಷ್ಟದ ಕೆಲಸವಲ್ಲ. ಈಚಿನ ವರ್ಷಗಳಲ್ಲಿ ಒಳ್ಳೆಯ ಅಭ್ಯಾಸವಾಗಿತ್ತು.

ಮರುದಿನ ಎಮ್ಮೆಕಟ್ಟೆ ಜನ್ಮದಲ್ಲಿ ಕಾಣದಷ್ಟು ಜನರನ್ನು ಕಂಡಿತು. ಶಾಮಿಯಾನ, ಕುರ್ಚಿ, ಸರ್ಕಲ್‌ನಿಂದ ತಂದ ಫ್ಲೆಕ್ಸಿನ ಮುಂದೆ ಊದುಬತ್ತಿ, ಎರಡು ದೊಡ್ಡ ಸ್ಪೀಕರ್. ಒಂದು ಕಡೆ ಜೆಸಿಬಿ ಹೂಳು ಬಗೆಯುತ್ತಿತ್ತು, ಇನ್ನೊಂದು ಕಡೆ ಭಜನೆ. ಅಂಕಯ್ಯ ಮುಂದಿನ ಸಾಲಿನಲ್ಲಿ, ಹತ್ತಿರದವನ ಜಾಗದಲ್ಲಿ ನಿಂತಿದ್ದ. ಹೂಳಿನ ಅಡಿಯಿಂದ ಮೊದಲ ಸಲ ತಿಳಿನೀರು ಒಸರಿದ್ದನ್ನು ಅವನು ಬಗ್ಗಿ ನೋಡಿದ.

ಆಗ ರಸ್ತೆಯ ಕಡೆಯಿಂದ ಒಂದು ಆರ್ತನಾದ ಎದ್ದಿತು.

“ಅಯ್ಯೋ ನನ್ನಣ್ಣಾ... ಎಲ್ಲೋದ್ಯೋ ನನ್ನೊಡವುಟ್ದವ್ನೇ...”

ಚಿಕ್ಕಸಿದ್ದಮ್ಮ! ಯಾರದೋ ಸ್ಟೇಟಸ್‌ನಲ್ಲಿ ಫ್ಲೆಕ್ಸ್ ನೋಡಿ, ಹಾರನಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು, ಹುಣಸೂರಿನಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಕೂದಲು ಕೆದರಿತ್ತು, ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಜನ ದಾರಿ ಬಿಟ್ಟರು. ಅವಳು ನೇರವಾಗಿ ಫ್ಲೆಕ್ಸಿನ ಮುಂದೆ ಕುಸಿದು ಬೀಳಬೇಕೆನ್ನುವಾಗ, ಪಕ್ಕದಲ್ಲಿ ಟವಲು ಸುತ್ತಿಕೊಂಡು ನಿಂತವನ ಮೇಲೆ ಕಣ್ಣು ಬಿತ್ತು. ಗಡ್ಡ ಯಾರನ್ನು ಮೋಸ ಮಾಡಿದರೂ ಒಡಹುಟ್ಟಿದವಳನ್ನು ಮಾಡದು. ಅಳು ಅರ್ಧಕ್ಕೆ ನಿಂತಿತು. ಅಂಕಯ್ಯ ಕಣ್ಣಲ್ಲೇ ಜೆಸಿಬಿಯನ್ನು ತೋರಿಸಿದ, ಕಟ್ಟೆಯನ್ನು ತೋರಿಸಿದ, ಬೇಡಿಕೊಂಡ. ಚಿಕ್ಕಸಿದ್ದಮ್ಮ ಒಂದು ಗಳಿಗೆ ಅವನನ್ನು ದುರುಗುಟ್ಟಿ ನೋಡಿದಳು. ನಂತರ ನೆಲಕ್ಕೆ ಕೂತು, ದನಿ ಏರಿಸಿ, ಹೊಸದಾಗಿ ಶುರುಮಾಡಿದಳು.

“ಅಯ್ಯೋ ನನ್ನಣ್ಣಾ... ಕಲ್ಲುಗುಂಡಿನಂಗೆ ಕಣ್ಮುಂದೇನೇ ನಿಂತವ್ನಲ್ಲೋ...”

“ಪಾಪ, ಎದುರ್‍ಗೇ ನಿಂತಂಗೆ ಕಾಣ್ತದಂತೆ,” ಎಂದು ಸುನಂದಮ್ಮ ಕಣ್ಣೊರೆಸಿಕೊಂಡಳು.

“ಕಾರ್ಡ್‌ನಾಗೆ ಎಸ್ರು ಬುಟ್ಟಿದ್ದು ಪ್ರೆಸ್‌ನೋನು ಕಣೋ ಪಾಪೀ... ನಿನ್ನ ಕಾರ್ಡ್‌ಗೆ ನಾನೇ ನಿಂತು ನಿನ್ನೆಸ್ರು ಬರ್‍ಸಿ ಕಳ್ಸಿದ್ನಲ್ಲೋ... ತೆಗ್ದೂ ನೋಡ್ಲಿಲ್ವಲ್ಲೋ ನಿನ್ನ ಕೋಪಕ್ಕೆ ಬೆಂಕಿ ಬೀಳಾ... ಧಾರೆ ಹೊತ್ನಾಗೆ ಸೋದರಮಾವ ಎಲ್ಲಿ ಸೋದರಮಾವ ಎಲ್ಲಿ ಅಂತ ಪವಿತ್ರ ಬಾಗ್ಲನ್ನೇ ನೋಡ್ತಿತ್ತಲ್ಲೋ... ಒಂದು ಪೋನು ಮಾಡಕ್ಕೆ ನಿನ್ನ ಬೆರಳು ಸೇದೋಗಿತ್ತೇನೋ...”

ಇಂಥ ಅಳುವನ್ನು ಹ್ಯಾಂಡ್‌ಪೋಸ್ಟ್ ಕೇಳಿರಲಿಲ್ಲ. ಹೆಂಗಸರೆಲ್ಲ ಬಿಕ್ಕಿದರು. ಅಂಕಯ್ಯನಂತೂ ನಿಂತಲ್ಲೇ ಗಳಗಳನೆ ಅತ್ತ. ತನ್ನ ಸಾವಿಗೆ ತಾನೇ ಇಷ್ಟು ಅತ್ತವನು ಆ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಉತ್ತರ ಕೊಡುವಂತಿಲ್ಲ, ಕಾಲು ಹಿಡಿಯುವಂತಿಲ್ಲ. ಸತ್ತವನಿಗೆ ಅದಕ್ಕೆಲ್ಲ ಅವಕಾಶವಿರುವುದಿಲ್ಲ.

ನಟರಾಜು ಮೈಕ್ ಹಿಡಿದು ಭಾಷಣ ಶುರುಮಾಡಿದರು. ಅಂಕಯ್ಯನವರೂ ತಾವೂ ಎಷ್ಟು ಆತ್ಮೀಯರಾಗಿದ್ದರು, ಕಟ್ಟೆಯ ದಡದಲ್ಲಿ ಕೂತು ಎಷ್ಟು ಸಲ ಒಟ್ಟಿಗೆ ಮಾತಾಡಿದ್ದರು ಎಂದು ವಿವರಿಸುತ್ತಿದ್ದಾಗ ಅಂಕಯ್ಯನ ಕಣ್ಣು ಆಚೆ ದಡಕ್ಕೆ ಹೋಯಿತು. ಜೆಸಿಬಿಯವನು ಬಗೆದ ಹೂಳನ್ನೆಲ್ಲ ಮೂಡಲ ಮೂಲೆಗೆ ತಂದು ಸುರಿಯುತ್ತಿದ್ದ. ಮೂಡಲ ಮೂಲೆಯಲ್ಲಿದ್ದದ್ದು ಕಾಲುವೆಯ ಬಾಯಿ. ಮೇಲಿನ ದಿಣ್ಣೆಯ ಮಳೆನೀರು ಕಟ್ಟೆಗೆ ಇಳಿಯುವುದು ಅದೊಂದೇ ದಾರಿಯಲ್ಲಿ. ಅದು ಮುಚ್ಚಿದರೆ ಎಷ್ಟು ಆಳ ತೋಡಿದರೂ ಬರೀ ಗುಂಡಿ.

ಅಂಕಯ್ಯ ಕೈ ಬೀಸಿದ. ದುಃಖಕ್ಕೆ ಹಾಗೆ ಮಾಡುತ್ತಿದ್ದಾನೆಂದು ಇಬ್ಬರು ಹಿಡಿದುಕೊಂಡರು. ಕೂಗಿದ. ಸ್ಪೀಕರ್ ಮುಂದೆ ಯಾರ ಕೂಗು ಕೇಳಬೇಕು? ಇನ್ನೊಂದು ಬಕೆಟ್ ಮಣ್ಣು ಬಿತ್ತು. ಮತ್ತೊಂದು ಮೇಲೆದ್ದಿತು. ಅಂಕಯ್ಯ ಕೊಸರಿಕೊಂಡು ಓಡಿ, ‘ನನ್ನ ಆತ್ಮೀಯ ಮಿತ್ರರಾದ’ ಎಂಬಲ್ಲಿಗೆ ಬಂದಿದ್ದ ನಟರಾಜು ಅವರ ಕೈಯಿಂದ ಮೈಕ್ ಕಿತ್ತುಕೊಂಡ.

“ಪ್ರಯಾಣಿಕರ ಗಮನಕ್ಕೆ! ಜೆಸಿಬಿಯ ಚಾಲಕರು ಈ ಕೂಡಲೇ ವಾಹನವನ್ನು ನಿಲ್ಲಿಸತಕ್ಕದ್ದು. ಮೂಡಲ ಮೂಲೆಯ ಮಣ್ಣನ್ನು ತೆಗೆದು ಪಡುವಲ ದಡಕ್ಕೆ ಹಾಕತಕ್ಕದ್ದು.”

ಜೆಸಿಬಿಯವನು ಹೊರಗಿನವನು, ಸಾವು ಬದುಕು ಯಾವುದೂ ಅವನಿಗೆ ಗೊತ್ತಿರಲಿಲ್ಲ. ಗಂಡಸಿನ ದನಿ ಇಷ್ಟು ಖಚಿತವಾಗಿ ಹೇಳಿದ್ದನ್ನು ಕೇಳಿ, ಸುಮ್ಮನೆ ಮಣ್ಣು ತೆಗೆದು ಪಡುವಲಕ್ಕೆ ಹಾಕಿದ. ಶಾಮಿಯಾನದಲ್ಲಿ ಮಾತ್ರ ಅಳು ನಿಂತಿತು. ಕೆಲವರು ಫ್ಲೆಕ್ಸ್ ನೋಡಿದರು, ಕೆಲವರು ಆಕಾಶ ನೋಡಿದರು. ಹಿಂದೆ ಕೂತಿದ್ದ ಮುದುಕಿಯೊಬ್ಬಳು ಹಳೆಯ ಅಭ್ಯಾಸದಿಂದ ಚೀಲ ಎತ್ತಿಕೊಂಡು ಬಸ್ಸಿಗೆ ಓಡಲು ಎದ್ದಳು.

“ಅದೇ ದನಿ,” ಎಂದಳು ಸುನಂದಮ್ಮ. “ಅವ್ರೇ ಕಣ್ರೀ!”

ನಟರಾಜು ಫ್ಲೆಕ್ಸನ್ನೂ ಅವನನ್ನೂ ನೋಡಿದರು. “ನೀವು... ಸತ್ತಿಲ್ವಾ?”

“ಇಲ್ಲ ಸಾರ್,” ಎಂದ ಅಂಕಯ್ಯ. “ತಪ್ಪಾಯ್ತು.”

ಮೈಕು ಇನ್ನೂ ಚಾಲೂ ಇದ್ದುದರಿಂದ ಆ ತಪ್ಪೊಪ್ಪಿಗೆ ಹ್ಯಾಂಡ್‌ಪೋಸ್ಟಿನ ಅಂಗಡಿಗಳಿಗೆಲ್ಲ ಕೇಳಿಸಿತು.

ಸತ್ತವನು ಎದ್ದುಬಂದರೆ ಊರು ಸಂತೋಷಪಡುತ್ತದೆಂದು ನಂಬುವವರು ಯಾರ ಸಾವಿಗೂ ಹೋಗಿಲ್ಲದವರು. “ನಾನು ನಿನ್ನೆಯಿಂದ ಅತ್ತಿದ್ದು ಯಾರಿಗಪ್ಪಾ?” ಎಂದು ಸುನಂದಮ್ಮ ಕೇಳಿದಳು. ಸ್ಟೇಟಸ್ ಹಾಕಿದವರು ಅಲ್ಲಲ್ಲೇ ತಲೆ ಬಗ್ಗಿಸಿ ಅಳಿಸತೊಡಗಿದರು. ಗೋವಿಂದಯ್ಯನವರೊಬ್ಬರೇ ಓಡಿ ಬಂದು ಅಂಕಯ್ಯನನ್ನು ತಬ್ಬಿಕೊಂಡು, “ನೂರು ವರ್ಷ ಬಾಳಿ ಸ್ವಾಮಿ, ನೂರು ವರ್ಷ!” ಎಂದು ಹರಸಿ, ಜೆಸಿಬಿಯನ್ನು ಅರಳಿಕಟ್ಟೆಯ ಕಡೆ ತಿರುಗಿಸಿಕೊಂಡು ಹೋದರು. ಸಮಿತಿ ಅಲ್ಲೇ ನಿಂತು ನಿರ್ಣಯ ಮಾಡಿತು: ‘ಮೃತರ ಕೊನೆಯ ಆಸೆಯೆಂದು ನೀಡಲಾಗಿದ್ದ ಆದ್ಯತೆಯನ್ನು, ಸದರಿಯವರು ಮೃತರಲ್ಲದ ಕಾರಣ, ಹಿಂಪಡೆಯಲಾಗಿದೆ.’ ಶಾಮಿಯಾನದವನು ಕುರ್ಚಿ ಮಡಿಸಿದ. ಸ್ವಲ್ಪ ಹೊತ್ತಿನಲ್ಲಿ ಅರ್ಧ ತೋಡಿದ ಕಟ್ಟೆಯ ದಡದಲ್ಲಿ ಅಣ್ಣ ತಂಗಿ ಇಬ್ಬರೇ ಉಳಿದರು.

“ನಡಿ ಊರ್‍ಗೆ,” ಎಂದಳು ಚಿಕ್ಕಸಿದ್ದಮ್ಮ.

“ಇನ್ನರ್ಧ ಇದೆಯಲ್ಲಮ್ಮ ಇದು...”

“ಥೂ ನಿನ್ನ. ಕಟ್ಟೆಗೆ ನೀನು ಬೇಕು, ನಂಗೆ ಬ್ಯಾಡ್ವಾ?” ಎಂದಳು. ಸಂಜೆಯ ಬಸ್ಸನ್ನು ಒಬ್ಬಳೇ ಹತ್ತುವಾಗ ಅವನ ಫೋನ್ ಕಿತ್ತು, ತನ್ನದಕ್ಕೆ ಒಂದು ಸಲ ಕರೆ ಮಾಡಿಕೊಂಡು ವಾಪಸು ಕೊಟ್ಟಳು. “ನಿನ್ನ ನಂಬಂಗಿಲ್ಲ ಇನ್ಮೇಲೆ. ದಿನಾ ಸಂಜೆ ಮಾಡ್ತೀನಿ. ಎತ್ಬುಡು, ಸಾಕು.”

ಮಳೆಗಾಲ ಬಂತು. ತೆರೆದ ಕಾಲುವೆಯಲ್ಲಿ ದಿಣ್ಣೆಯ ನೀರು ಇಳಿದು ಎಮ್ಮೆಕಟ್ಟೆಯ ತೋಡಿದ ಅರ್ಧ ತುಂಬಿತು. ಇನ್ನರ್ಧದಲ್ಲಿ ಗಣಪತಿಗಳು ಹಾಗೆಯೇ ಇವೆ. ಅಂಗಡಿಯವರು ಮಣ್ಣು ಸುರಿಯಲಿಲ್ಲ, ಶ್ರದ್ಧಾಂಜಲಿ ನಡೆದ ಜಾಗವೆಂದು ಅವರಿಗೇನೋ ಅಳುಕು. ಫ್ಲೆಕ್ಸನ್ನು ಸುನಂದಮ್ಮ ಸೌದೆಯ ಮೇಲೆ ಹೊದಿಸಿದ್ದಾಳೆ, ಮುಖ ಒಳಗಾಗಿ. ಅಂಕಯ್ಯ ಟೀಗೆ ಹೋದರೆ ಲೋಟ ಇಟ್ಟು ಒಳಗೆ ಹೋಗುತ್ತಾಳೆ. ಬದುಕಿರುವವನ ಎದುರಿಗೆ ಅಷ್ಟೊಂದು ಹೊಗಳಿಬಿಟ್ಟೆವಲ್ಲ ಎಂಬ ನಾಚಿಕೆ ಊರಿಗೆಲ್ಲ ಇದ್ದಹಾಗಿದೆ. ಅವನನ್ನು ಕಂಡರೆ ದಾರಿ ಬಿಡುತ್ತಾರೆ, ಮಾತಾಡುವುದಿಲ್ಲ.

ಮೊನ್ನೆ ಬಸ್ಸಿಗೆ ಕಾಯುತ್ತಿದ್ದ ಪ್ರಯಾಣಿಕನೊಬ್ಬ ಕಟ್ಟೆಯ ದಡಕ್ಕೆ ಬಂದು, “ಚೆನ್ನಾಗದೆ ಜಾಗ. ಯಾರೋ ಅಂಕಯ್ಯ ಅಂತ ಮಾಡ್ಸಿದ್ದಂತೆ, ಪಾಪ ತೀರ್‍ಕೊಂಡ್ರಂತೆ. ನಿಮ್ಗೆ ಗೊತ್ತಿತ್ತಾ ಅವ್ರು?” ಎಂದ.

“ಅಷ್ಟಾಗಿ ಇಲ್ಲ,” ಎಂದ ಅಂಕಯ್ಯ.

ಸಂಜೆಗಳಲ್ಲಿ ಫೋನ್ ಬರುತ್ತದೆ. “ಇದ್ದೀಯಾ?” “ಇದ್ದೀನಿ.” ಅಷ್ಟೇ, ಆ ಕಡೆ ಕುಕ್ಕರಿನ ಸೀಟಿ ಕೇಳುವಷ್ಟರಲ್ಲಿ ಕಟ್ಟಾಗುತ್ತದೆ. ಇವತ್ತು ಹೊತ್ತು ಮುಳುಗಿದರೂ ಬರಲಿಲ್ಲ. ಅಂಕಯ್ಯ ದಡದ ಕಲ್ಲಿನ ಮೇಲೆ ಕೂತು, ಫೋನನ್ನು ಮಂಡಿಯ ಮೇಲೆ ಇಟ್ಟುಕೊಂಡು, ಅದನ್ನೇ ನೋಡಿದ. ಬೆಳ್ಳಕ್ಕಿಗಳು ಒಂದೊಂದಾಗಿ ಬಂದು ಇಳಿಯುತ್ತಿದ್ದವು. ಅವುಗಳನ್ನು ಕೂಗುವುದು ಅವನಿಗೆ ಮರೆತುಹೋಗಿತ್ತು. ಬಹಳ ಹೊತ್ತಾದ ಮೇಲೆ ಗಂಟಲು ಸರಿಮಾಡಿಕೊಂಡ.

“ಪ್ರಯಾಣಿಕರ ಗಮನಕ್ಕೆ. ಹಾರನಹಳ್ಳಿಯಿಂದ ಬರಬೇಕಾಗಿದ್ದ ಕರೆಯು ಇಂದು ತಡವಾಗಿ ಬರಲಿದೆ. ದಯವಿಟ್ಟು ಸಹಕರಿಸಬೇಕಾಗಿ ವಿನಂತಿ.”

ಬೆಳ್ಳಕ್ಕಿಗಳು ಸಹಕರಿಸಿದವು.